ಮೊಣಕಾಲೆತ್ತರದ ಬೆಂಕಿ: ನಾಗರಹೊಳೆಯ ಕಾಳ್ಗಿಚ್ಚನ್ನು ಕ್ಯಾಮೆರಾದಲ್ಲಿ ಹಿಡಿಯುವ ಬಗ್ಗೆ

ಪ್ರಶ್ನೆ: ನಾನು ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರ. ನಾಲ್ಕೈದು ವರ್ಷಗಳಿಂದ ಹವ್ಯಾಸಕ್ಕೆಂದು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಕಳೆದ ಮಾರ್ಚ್‌ನ ಒಂದು ಮಧ್ಯಾಹ್ನ ನಮ್ಮ ತೋಟದ ಬೇಲಿಯಂಚಿನಿಂದ ನಾಗರಹೊಳೆ ಕಡೆ ಹೊಗೆ ಎದ್ದದ್ದನ್ನು ಕಂಡು ಚಿತ್ರ ತೆಗೆದೆ. ಕಣ್ಣಿಗೆ ಭಯಂಕರವಾಗಿ ಕಂಡದ್ದು ಚಿತ್ರದಲ್ಲಿ ಬರೀ ಬೂದು ಹೊಗೆಯಾಗಿ ಬಂತು, ಜ್ವಾಲೆಯಿದ್ದ ಕಡೆ ಬಿಳಿ ಮಚ್ಚೆ ಬಿತ್ತು. ಈ ಬೇಸಿಗೆಯಲ್ಲಾದರೂ ಸರಿಯಾಗಿ ತೆಗೆಯಬೇಕೆಂದಿದ್ದೇನೆ. ಯಾವ ಲೆನ್ಸ್, ಯಾವ ಸೆಟ್ಟಿಂಗ್ ಬೇಕು? ಉದ್ಯಾನದ ಒಳಗೆ ಹೋಗಲು ಯಾರ ಅನುಮತಿ ಪಡೆಯಬೇಕು? ಡ್ರೋನ್ ಹಾರಿಸಬಹುದೇ? ಇಂಥ ಚಿತ್ರಗಳಿಂದ ಕಾಡಿಗೆ ಏನಾದರೂ ಉಪಯೋಗವಿದೆಯೇ?

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವ ಮೊದಲು, ಕಣ್ಣಿಗೆ ಭಯಂಕರವಾಗಿ ಕಂಡದ್ದು ಚಿತ್ರದಲ್ಲಿ ಬರಲಿಲ್ಲ ಎಂಬ ನಿಮ್ಮ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಉಳಿದ ಉತ್ತರಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಕಾಳ್ಗಿಚ್ಚು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಮೆರಿಕ, ಕೆನಡಾಗಳ ಸೂಚಿಪರ್ಣಿ ಕಾಡುಗಳ ಚಿತ್ರ; ಅಲ್ಲಿ ಬೆಂಕಿ ಮರದ ತಲೆಯಿಂದ ತಲೆಗೆ ಹಾರುತ್ತದೆ, ಜ್ವಾಲೆ ಮರಕ್ಕಿಂತ ಎತ್ತರ ಏಳುತ್ತದೆ. ಕೊಡಗು ಮತ್ತು ಮೈಸೂರು ಜಿಲ್ಲೆಗಳಲ್ಲಿ ಸುಮಾರು 643 ಚದರ ಕಿಲೋಮೀಟರ್ ಹರಡಿರುವ ನಾಗರಹೊಳೆಯಲ್ಲಿ ನಡೆಯುವುದು ಬೇರೆಯೇ. ಇದು ಬಹುಪಾಲು ಎಲೆಯುದುರುವ ಕಾಡು. ತೇಗ, ಮತ್ತಿ, ನಂದಿ, ದಿಂಡಿಗ, ಹೊನ್ನೆ ಮರಗಳು ಚಳಿಗಾಲ ಕಳೆಯುತ್ತಿದ್ದಂತೆ ಎಲೆ ಚೆಲ್ಲುತ್ತವೆ. ಫೆಬ್ರುವರಿಯ ಹೊತ್ತಿಗೆ ನೆಲದ ಮೇಲೆ ತರಗಿನ ಹಾಸು, ಅದರ ನಡುವೆ ಒಣಗಿದ ಹುಲ್ಲು. ಬೆಂಕಿ ಓಡುವುದು ಈ ಹಾಸಿನ ಮೇಲೆಯೇ ಹೊರತು ಮರದ ನೆತ್ತಿಯಲ್ಲಲ್ಲ. ಅದು ನೆಲಬೆಂಕಿ, ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ. ಲಂಟಾನದ ಪೊದೆಗೋ ಸತ್ತ ಬಿದಿರಿನ ಮೆಳೆಗೋ ತಗುಲಿದಾಗ ಮಾತ್ರ ಅದು ಎದ್ದು ನಿಲ್ಲುತ್ತದೆ, ಬಿದಿರಿನ ಗಿಣ್ಣುಗಳ ನಡುವೆ ಸಿಕ್ಕಿದ ಗಾಳಿ ಕಾದು ಕೋವಿ ಹೊಡೆದ ಹಾಗೆ ಸದ್ದಾಗುತ್ತದೆ. ನಿಮಗೆ ಭಯವಾದದ್ದು ಬಹುಶಃ ಆ ಸದ್ದಿಗೆ, ವಾಸನೆಗೆ, ಮುಖಕ್ಕೆ ಬಡಿದ ಝಳಕ್ಕೆ. ಅವು ಯಾವುವೂ ಚಿತ್ರದಲ್ಲಿ ಬರುವಂಥವಲ್ಲ.

ಹಾಗಾಗಿ ನಮ್ಮ ಕಾಡಿನ ಬೆಂಕಿಯನ್ನು ತೆಗೆಯುವವನಿಗೆ ಅತಿ ಕಷ್ಟದ ಕೆಲಸವೆಂದರೆ ಅಳತೆಯನ್ನು ಸರಿಯಾಗಿ ತೋರಿಸುವುದು. ಮೊಣಕಾಲೆತ್ತರದ ಬೆಂಕಿಯನ್ನು ಮರದೆತ್ತರ ಮಾಡಲು ಕ್ಯಾಮೆರಾಕ್ಕೆ ಒಂದು ನಿಮಿಷವೂ ಬೇಡ. 400 ಮಿಲಿಮೀಟರ್ ಲೆನ್ಸ್ ಹಿಡಿದು ದೂರದಲ್ಲಿ ನಿಂತರೆ, ಒಂದರ ಹಿಂದೊಂದು ಐವತ್ತು ಅರವತ್ತು ಅಡಿ ಅಂತರದಲ್ಲಿರುವ ಮೂರು ಬೆಂಕಿಯ ಸಾಲುಗಳು ಒಂದರ ಮೇಲೊಂದು ಪೇರಿಸಿದಂತೆ ಗೋಡೆಯಾಗಿ ಕಾಣುತ್ತವೆ. ಬೆಳಕನ್ನು ಮೂರು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದರೆ ನಡುಮಧ್ಯಾಹ್ನ ಅಮಾವಾಸ್ಯೆಯಾಗುತ್ತದೆ, ಕರಿ ಹಿನ್ನೆಲೆಯಲ್ಲಿ ಜ್ವಾಲೆ ಮಾತ್ರ ಉಳಿಯುತ್ತದೆ. ರಾತ್ರಿ ಮೂವತ್ತು ಸೆಕೆಂಡ್ ಶಟರ್ ತೆರೆದಿಟ್ಟರೆ, ಆ ಹೊತ್ತಿನಲ್ಲಿ ಹೊತ್ತಿ ಆರಿದ ಕಿಡಿಗಳೆಲ್ಲ ಸೇರಿಕೊಂಡು ತುಂಡಾಗಿದ್ದ ಸಾಲು ಅಖಂಡವಾಗುತ್ತದೆ. ಇವುಗಳನ್ನು ಮಾಡಲೇಬಾರದೆಂದು ನಾನು ಹೇಳುವುದಿಲ್ಲ, ನಾನೂ ಮಾಡಿದ್ದೇನೆ. ಆದರೆ ಪ್ರತಿ ಚಿತ್ರದಲ್ಲೂ ಅಳತೆ ತಿಳಿಯುವ ಒಂದು ವಸ್ತು ಇರಲಿ: ಬೆಂಕಿ ಬಡಿಯುತ್ತಿರುವ ವಾಚರ್ (ಅರಣ್ಯ ಇಲಾಖೆಯ ಕಾವಲುಗಾರ), ಜೀಪು, ನೋಡಿದ ಕೂಡಲೇ ಗುರುತಾಗುವ ಹುತ್ತ. ಅಡಿಬರಹದಲ್ಲಿ ಲೆನ್ಸಿನ ಅಳತೆಯನ್ನೂ ತೆಗೆದ ಸಮಯವನ್ನೂ ಬರೆಯಿರಿ.

ಈಗ ನಿಮ್ಮ ಬೂದು ಹೊಗೆಯ ವಿಷಯ. ಪೊನ್ನಂಪೇಟೆಯಿಂದ ನೋಡಿದರೆ ನಾಗರಹೊಳೆ ಇರುವುದು ಪೂರ್ವಕ್ಕೆ. ನೀವು ನಿಂತದ್ದು ಮಧ್ಯಾಹ್ನದ ಮೇಲೆ. ಸೂರ್ಯ ನಿಮ್ಮ ಬೆನ್ನಿಗಿದ್ದ. ಬೆನ್ನ ಹಿಂದಿನಿಂದ ಬೆಳಕು ಬಿದ್ದ ಹೊಗೆಗೆ ಉಬ್ಬುತಗ್ಗು ಇರುವುದಿಲ್ಲ, ಒಗೆದ ಪಂಚೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಅದೇ ಹೊಗೆಯನ್ನು ಬೆಳಗಿನ ಏಳೂವರೆ ಎಂಟಕ್ಕೆ, ಸೂರ್ಯ ಅದರ ಹಿಂದಿರುವಾಗ ನೋಡಿದ್ದರೆ ಒಂದೊಂದು ಸುರುಳಿಗೂ ಬೆಳಕಿನ ಅಂಚು ಇರುತ್ತಿತ್ತು. ತೊಂದರೆಯೆಂದರೆ ಬೆಂಕಿ ಚುರುಕಾಗುವುದು ತರಗು ಒಣಗಿ ಗಾಳಿ ಏಳುವ ಮಧ್ಯಾಹ್ನದ ಹೊತ್ತಿಗೆ. ಆದ್ದರಿಂದ ಕೊಡಗಿನ ಕಡೆಯಿಂದ ಬೆಳಗ್ಗೆ ತೆಗೆಯಿರಿ. ಸಂಜೆಯ ಚಿತ್ರ ಬೇಕೆಂದರೆ ಹುಣಸೂರು ಕಡೆಗೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ. ಹಾಗೆ ನಿಂತಾಗ ಹೊಗೆಯ ಹಿಂದೆ ಇಳಿಬಿಸಿಲೂ ಅದರಾಚೆ ನಮ್ಮ ಬೆಟ್ಟಸಾಲೂ ಸಿಗುತ್ತವೆ. ಹೊಗೆಯ ಬಣ್ಣವನ್ನೂ ಓದಲು ಕಲಿಯಬೇಕು. ಹತ್ತಿಯಂತೆ ದಟ್ಟವಾಗಿ ಬಿಳಿಯಾಗಿದ್ದರೆ ಸಾಮಾನ್ಯವಾಗಿ ಅದರಲ್ಲಿ ನೀರಿನಂಶ ಹೆಚ್ಚು, ಹಸಿ ಸೊಪ್ಪು ಬೇಯುತ್ತಿದೆ ಎಂದರ್ಥ. ತೆಳುವಾದ ಹೊಗೆ ಮರಗಳ ಕಪ್ಪು ಹಿನ್ನೆಲೆಯಲ್ಲಿ ನೀಲಿಯಾಗಿಯೂ ಆಕಾಶದ ಎದುರು ಕಂದಾಗಿಯೂ ಕಾಣುತ್ತದೆ. ಅದರ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣ.

ಕಿತ್ತಳೆ ಬಣ್ಣ ಬಾರದಿರಲು ಇನ್ನೊಂದು ಕಾರಣ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಕ್ಯಾಮೆರಾ ಬಣ್ಣವನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ. ಕೆಂಪು ಹೆಚ್ಚಾದರೆ ಅದು ದೋಷವೆಂದು ತಿಳಿದು ಸರಿಪಡಿಸುವುದೇ ಅದರ ಕೆಲಸ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಕೆಂಪು: ಹಗಲಿನ ಬೆಳಕು ಸುಮಾರು 5,500 ಕೆಲ್ವಿನ್, ಮೇಣದಬತ್ತಿಯ ಜ್ವಾಲೆ ಸುಮಾರು 1,900. ಕ್ಯಾಮೆರಾವನ್ನು ಹಗಲಿಗೆ ಕಟ್ಟಿಹಾಕಿದರೆ ಬೆಂಕಿ ಬೆಂಕಿಯ ಬಣ್ಣದಲ್ಲೇ ಉಳಿಯುತ್ತದೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ ತೆಗೆಯಿರಿ. ಬಿಳಿ ಮಚ್ಚೆ ಬಿದ್ದದ್ದು ಮೀಟರ್ ಇಡೀ ದೃಶ್ಯದ ನೆರಳನ್ನು ಲೆಕ್ಕ ಹಾಕಿ ಶಟರನ್ನು ಹೆಚ್ಚು ಹೊತ್ತು ತೆರೆದಿದ್ದರಿಂದ. ಜ್ವಾಲೆಯಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪು ಚಾನೆಲ್. ಒಟ್ಟು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕಿನ ಹಂಚಿಕೆ ತೋರಿಸುವ ರೇಖಾಚಿತ್ರ) ನೋಡಿದರೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ, ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆಬೇರೆಯಾಗಿ ನೋಡಿದಾಗ ಮಾತ್ರ ತಪ್ಪು ತಿಳಿಯುತ್ತದೆ. ಮ್ಯಾನ್ಯುಯಲ್‌ನಲ್ಲಿಟ್ಟು ಜ್ವಾಲೆಯ ವಿವರ ಉಳಿಯುವಷ್ಟು ಇಳಿಸಿ, ನೆರಳನ್ನು ಆಮೇಲೆ ಎತ್ತಿಕೊಳ್ಳಿ. ಜ್ವಾಲೆಯ ನಾಲಿಗೆ ನಾಲಿಗೆಯಾಗಿ ಕಾಣಬೇಕಾದರೆ ಸೆಕೆಂಡಿನ 500ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗ ಬೇಕು. 30ನೇ ಒಂದು ಭಾಗಕ್ಕೆ ಇಳಿಸಿದರೆ ಅದು ರೇಷ್ಮೆಯಾಗುತ್ತದೆ. ರೇಷ್ಮೆ ನನಗೆ ಹಿಡಿಸುವುದಿಲ್ಲ. ಹೊಗೆಯಲ್ಲಿ ಆಟೋಫೋಕಸ್ ಅತ್ತಿತ್ತ ತಡಕಾಡುತ್ತದೆ, ಹತ್ತಿರದ ಮರದ ಬೊಡ್ಡೆಯ ಮೇಲೆ ಫೋಕಸ್ ಮಾಡಿ ಅಲ್ಲೇ ಲಾಕ್ ಮಾಡಿಕೊಳ್ಳಿ. ಉದ್ದದ ಲೆನ್ಸಿನಲ್ಲಿ ಬಿಸಿಗಾಳಿಯ ಅಲುಗಾಟದಿಂದ ಎಲ್ಲವೂ ಮೇಣದಂತೆ ಕರಗಿ ಕಾಣುವುದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ, ಜಾಗ ಬದಲಿಸಬೇಕು ಅಷ್ಟೆ. ನನ್ನನ್ನು ಕೇಳಿದರೆ 35 ಮತ್ತು 70–200 ಮಿಲಿಮೀಟರ್ ಲೆನ್ಸುಗಳು ಸಾಕು. ಎರಡು ಕ್ಯಾಮೆರಾ ಇದ್ದರೆ ಒಂದಕ್ಕೊಂದು ಹಾಕಿಕೊಂಡೇ ಹೋಗಿ, ಒಂದೇ ಇದ್ದರೆ ಅಲ್ಲಿ ಲೆನ್ಸ್ ಬದಲಿಸಬೇಡಿ.

ಬೂದಿಯ ಬಗ್ಗೆ ಒಂದು ಮಾತು. ಮರದ ಬೂದಿ ಕ್ಷಾರ. ಅದರಿಂದ ಪಾತ್ರೆ ತಿಕ್ಕಿದ ಅಜ್ಜಿಯರಿಗೆ ಅದರ ಗುಣ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಒಮ್ಮೆ ಲೆನ್ಸಿನ ಮುಂಗಾಜಿನ ಮೇಲೆ ಕೂತ ಬೂದಿಯನ್ನು ಬೆವರು ಒರೆಸಿದ ಅದೇ ಕರವಸ್ತ್ರದಿಂದ ಒರೆಸಿದೆ. ಗಾಜಿನ ಮೇಲಿನ ಲೇಪ ಅರ್ಧಚಂದ್ರಾಕಾರದಲ್ಲಿ ಹೋಯಿತು. ಈಗಲೂ ಆ ಲೆನ್ಸ್ ನನ್ನ ಬಳಿ ಇದೆ, ಎದುರು ಬೆಳಕಿನಲ್ಲಿ ಉಪಯೋಗಕ್ಕಿಲ್ಲ. ಮೊದಲು ಗಾಳಿಯೂದುವ ರಬ್ಬರ್ ಬಲ್ಬ್, ಆಮೇಲೆ ಮೆದುವಾದ ಬ್ರಷ್, ಬಟ್ಟೆ ಮನೆಗೆ ಬಂದ ಮೇಲೆ.

ಅನುಮತಿಯ ವಿಷಯ ಕಟ್ಟುನಿಟ್ಟಿನದು. ನಾಗರಹೊಳೆ 1988ರಿಂದ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. 28ನೇ ಸೆಕ್ಷನ್ ಪ್ರಕಾರ ಯಾವ ಉದ್ದೇಶಗಳಿಗೆ ಅನುಮತಿ ಕೊಡಬಹುದೋ ಅವುಗಳಲ್ಲಿ ಛಾಯಾಗ್ರಹಣವೂ ಒಂದು. 2022ರ ತಿದ್ದುಪಡಿಯ ಬಳಿಕ ಅದಕ್ಕೆ ಆವಾಸವನ್ನು ಬದಲಿಸಬಾರದು, ಆವಾಸಕ್ಕೂ ಪ್ರಾಣಿಗಳಿಗೂ ತೊಂದರೆಯಾಗಬಾರದು ಎಂಬ ಷರತ್ತು ಸೇರಿದೆ. ಈ ಅಧಿಕಾರ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರದು, ಆದರೆ ನಿಮ್ಮ ಅರ್ಜಿಯ ದಾರಿ ಶುರುವಾಗುವುದು ಹುಣಸೂರಿನಲ್ಲಿರುವ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರ ಕಚೇರಿಯಿಂದ. ಬೆಂಕಿ ಬಿದ್ದ ದಿನ ಫೋನ್ ಮಾಡಿ ಒಳಗೆ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಆ ದಿನ ಬೀಟಿನಲ್ಲಿರುವ ಒಬ್ಬೊಬ್ಬ ಸಿಬ್ಬಂದಿಯೂ ಬೆಂಕಿಯ ಮುಂದಿರಬೇಕು. ನಿಮ್ಮ ಜೊತೆಗೆ ಒಬ್ಬರನ್ನು ಕಳುಹಿಸಿದರೆ ಬೆಂಕಿಯ ಮುಂದೆ ಒಬ್ಬರು ಕಡಿಮೆಯಾದಂತೆ. ಕುಟ್ಟದಿಂದ ಹುಣಸೂರಿಗೆ ಹೋಗುವ ಉದ್ಯಾನದ ರಸ್ತೆಯಾಗಲಿ ತಿತಿಮತಿ, ಆನೆಚೌಕೂರಿನ ರಸ್ತೆಯಾಗಲಿ ಸಾರ್ವಜನಿಕರದು ಎಂದ ಮಾತ್ರಕ್ಕೆ ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಬೆಂಕಿಯ ದಿನ ಹೊಗೆ ತುಂಬಿದ ರಸ್ತೆಯಲ್ಲಿ ನಿಂತ ಕಾರಿಗೆ ಆನೆಯೋ ಕಾಟಿಯೋ ನುಗ್ಗಿದರೆ ಕಾಯ್ದೆಯ ಪುಸ್ತಕ ನಿಮ್ಮ ನೆರವಿಗೆ ಬರದು.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆಗಳಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದು ನಾನು ನಂಬಿದ್ದೇನೆ: ಬೆಂಕಿ ರೇಖೆ ಸುಡುವ ಕೆಲಸವನ್ನು ತೆಗೆಯಲು ಅನುಮತಿ ಕೇಳಿ. ಬೇಸಿಗೆಗೆ ಮುಂಚೆ ಇಲಾಖೆಯವರು ರಸ್ತೆಗಳ ಇಕ್ಕೆಲ, ಗಡಿಯ ಉದ್ದ, ಬ್ಲಾಕುಗಳ ನಡುವೆ ಕುರುಚಲು ಸವರಿ, ಅದು ಒಣಗಿದ ಮೇಲೆ ಬೆಳಗಿನ ತಂಪಿನಲ್ಲೋ ಸಂಜೆಯ ಮೇಲೋ ಕಾವಲಿನಲ್ಲಿ ಸುಡುತ್ತಾರೆ. ಮುಂದೆ ಬರುವ ಬೆಂಕಿಗೆ ತಿನ್ನಲು ಏನೂ ಸಿಗಬಾರದೆಂಬುದು ಉದ್ದೇಶ. ಛಾಯಾಗ್ರಾಹಕನಿಗೆ ಅಲ್ಲಿ ಬೇಕಾದ್ದೆಲ್ಲ ಇದೆ: ನಿಜವಾದ ಜ್ವಾಲೆ, ಓರೆಬೆಳಕು, ಹೊಗೆಯೊಳಗಿನ ಮನುಷ್ಯರು, ಜೊತೆಗೆ ಯಾವತ್ತೂ ಸಿಗದ ಸಮಯ. ಅಂದು ರೇಂಜರ್ ಸಾಹೇಬರಿಗೂ ನಿಮ್ಮೊಡನೆ ಮಾತಾಡಲು ಪುರುಸೊತ್ತು ಇರುತ್ತದೆ. ಮೀಟರಿಂಗ್, ವೈಟ್ ಬ್ಯಾಲೆನ್ಸ್, ಫೋಕಸ್‌ಗಳ ಎಲ್ಲ ತಪ್ಪುಗಳನ್ನೂ ಅಲ್ಲೇ ಮಾಡಿ ಮುಗಿಸಬಹುದು. ನನ್ನಲ್ಲಿರುವ ಒಳ್ಳೆಯ ಬೆಂಕಿ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಬೆಳಗುಗಳವು.

ಈ ಕೆಲಸದಲ್ಲಿ ನೀವು ಕಾಣುವ ಬೆಂಕಿ ವಾಚರುಗಳಲ್ಲಿ ಹಲವರು ಕಾಡಂಚಿನ ಮತ್ತು ಕಾಡೊಳಗಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ಯರವರು. ಬೇಸಿಗೆಯ ಕೆಲವು ತಿಂಗಳಿಗಷ್ಟೇ ಇವರಿಗೆ ಕೆಲಸ. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬೆಂಕಿಯ ಅಂಚನ್ನು ಒಳಮುಖವಾಗಿ ಬಡಿಯುವ ಇವರ ಲಯ ನೋಡುವಂಥದು: ಎತ್ತಿ ಬೀಸಿದರೆ ಕಿಡಿ ಹಾರುತ್ತದೆ, ಆದ್ದರಿಂದ ಒತ್ತಿ ಎಳೆಯುತ್ತಾರೆ. ಇಲ್ಲೊಂದು ಎಚ್ಚರಿಕೆ. ಎದುರು ಬೆಂಕಿ ಕೊಡುವುದು ನಂದಿಸುವ ವಿಧಾನಗಳಲ್ಲೊಂದು. ಬರುತ್ತಿರುವ ಬೆಂಕಿಯ ಮುಂದಿನ ತರಗನ್ನು ತಾವೇ ಸುಟ್ಟು ಅದರ ಹೊಟ್ಟೆಗೆ ಕಲ್ಲು ಹಾಕುವುದು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಪಂಜು ಹಿಡಿದ ವಾಚರನ ಚಿತ್ರ, ಅಡಿಬರಹ ಕಳೆದುಕೊಂಡು ಅಲೆಯತೊಡಗಿದರೆ, ಕಾಡಿಗೆ ಬೆಂಕಿ ಇಡುತ್ತಿರುವವನ ಚಿತ್ರವಾಗುತ್ತದೆ. ಕಾಡಿನ ಬೆಂಕಿ ಬಹುಪಾಲು ಮನುಷ್ಯನಿಂದಲೇ ಹುಟ್ಟುತ್ತದೆ ಎಂಬುದು ನಿಜ: ಎಸೆದ ಬೀಡಿ, ಹೊಸ ಹುಲ್ಲಿನ ಆಸೆ, ಉದುರಿದ ಕೊಂಬು ಹುಡುಕುವವರು, ಹಳೆಯ ಹಗೆ. ಆದರೆ ಅನುಮಾನ ಮೊದಲು ಹೋಗಿ ನಿಲ್ಲುವುದು ಹಾಡಿಯ ಬಾಗಿಲಲ್ಲಿ. ಹಾಗಾಗಿ ಪಂಜು, ಕತ್ತಿ, ಜೇನು ಹೊಗೆ ಇವುಗಳಿರುವ ಚಿತ್ರದಲ್ಲಿ ಮುಖ ಗುರುತಾಗುವಂತಿದ್ದರೆ ಅವರನ್ನು ಕೇಳದೆ ಹೊರಗೆ ಬಿಡಬೇಡಿ. ತೆಗೆದ ಚಿತ್ರದ ಪ್ರತಿಯನ್ನು ಅವರಿಗೆ ತಲುಪಿಸಿ.

ಜೀವಭಯದ ಮಾತಿಗೆ ಬರುತ್ತೇನೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಕೆಲಸ ಬಲ್ಲವರನ್ನೂ ಬಿಡದ ಬೆಂಕಿ, ವ್ಯೂಫೈಂಡರಿನಲ್ಲಿ ಒಂದು ಕಣ್ಣಿಟ್ಟು ಇನ್ನೊಂದನ್ನು ಮುಚ್ಚಿಕೊಂಡವರನ್ನು ಬಿಡುತ್ತದೆಯೇ? ಬೆಂಕಿ ಏರುಮುಖವಾಗಿ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೆಂಕಿ ನಂದಿಸುವವರು ಬಳಸುವ ಅಂದಾಜು. ಆದ್ದರಿಂದ ಒಳ್ಳೆಯ ನೋಟ ಸಿಗುತ್ತದೆಂದು ಬೆಂಕಿಯ ಮೇಲ್ಭಾಗದ ದಿಣ್ಣೆಯಲ್ಲಿ ನಿಲ್ಲಬೇಡಿ. ನಾಗರಹೊಳೆಯ ನೆಲ ಅಷ್ಟು ಕಡಿದಲ್ಲ, ಆದರೆ ಬ್ರಹ್ಮಗಿರಿಯ ಹುಲ್ಲುಗಾವಲುಗಳಲ್ಲಿ ಈ ತಪ್ಪು ಒಂದೇ ಸಲ ಮಾಡಬಹುದಾದದ್ದು. ನಿಂತ ಕಡೆಯಿಂದ ಸುಟ್ಟು ಆರಿದ ಕರಿನೆಲಕ್ಕೆ ದಾರಿ ಎಲ್ಲಿದೆ ಎಂಬುದನ್ನು ಕ್ಯಾಮೆರಾ ಎತ್ತುವ ಮೊದಲೇ ನೋಡಿಟ್ಟುಕೊಳ್ಳಿ. ಕರಿನೆಲದಲ್ಲೂ ತಲೆಯೆತ್ತಿ ನೋಡುತ್ತಿರಬೇಕು, ಏಕೆಂದರೆ ಒಳಗೇ ಉರಿಯುತ್ತಿರುವ ಒಣಮರಗಳು ಗಾಳಿಯಿಲ್ಲದೆಯೂ ಬೀಳುತ್ತವೆ. ಬೊಡ್ಡೆ ಸುಟ್ಟ ಕಡೆ ಬೇರು ಉರಿದು ನೆಲದಡಿ ಪೊಳ್ಳಾಗಿರುತ್ತದೆ, ಕಾಲಿಟ್ಟರೆ ಕೆಂಡದೊಳಗೆ. ಹತ್ತಿಯ ಬಟ್ಟೆ, ಚರ್ಮದ ಬೂಟು ಹಾಕಿಕೊಳ್ಳಿ. ಪಾಲಿಯೆಸ್ಟರ್ ಜಾಕೆಟ್ಟಿಗೆ ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ. ಎನ್-95 ಮುಖಗವಸು ಹೊಗೆಯ ಕಣಗಳನ್ನು ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ; ತಲೆನೋವು ಶುರುವಾದರೆ ಚಿತ್ರ ಸಾಕು ಎಂದು ತಿಳಿದು ಹೊರಡಿ.

ಡ್ರೋನ್ ಬೇಡ. ಇಲಾಖೆಯ ಅನುಮತಿಯಿಲ್ಲದೆ ಉದ್ಯಾನದ ಮೇಲೆ ಹಾರಿಸಿದರೆ ಅಪರಾಧವಾಗುತ್ತದೆ, 2021ರ ಡ್ರೋನ್ ನಿಯಮಗಳ ಷರತ್ತುಗಳು ಬೇರೆ ಇವೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬ್ಯಾಂಬಿ ಬಕೆಟ್ ಎಂಬ ದೊಡ್ಡ ನೀರಿನ ಚೀಲ ತೂಗುಹಾಕಿಕೊಂಡು ನೀರು ತಂದು ಸುರಿದವು. ಅಂಥ ಹೊತ್ತಿನಲ್ಲಿ ಆಕಾಶದಲ್ಲಿ ಯಾರದೋ ಒಂದು ಡ್ರೋನ್ ಇದೆಯೆಂದರೆ ಹೆಲಿಕಾಪ್ಟರ್ ಹಿಂದಿರುಗಬೇಕಾಗುತ್ತದೆ. ಮೇಲಿನಿಂದ ನೋಡುವ ಆಸೆಗೆ ಉಪಗ್ರಹಗಳಿವೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಬೆಂಕಿ ಎಚ್ಚರಿಕೆಗಳಿಗೆ ಸಾಮಾನ್ಯರೂ ಹೆಸರು ನೋಂದಾಯಿಸಬಹುದು. ಉಪಗ್ರಹಗಳು ಕಂಡ ಬೆಂಕಿಗಳನ್ನು ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ನಕ್ಷೆಯ ಕೆಂಪು ಚುಕ್ಕೆಯನ್ನು ಹಿಡಿದು ಓಡಬೇಡಿ. ಉಪಗ್ರಹದಲ್ಲಿರುವ ವಿಯರ್ಸ್ ಉಪಕರಣದ ಒಂದು ಚುಕ್ಕೆಯೆಂದರೆ 375 ಮೀಟರ್ ಚೌಕ, ಮೋಡಿಸ್ ಎಂಬ ಇನ್ನೊಂದು ಉಪಕರಣದ್ದು ಒಂದು ಕಿಲೋಮೀಟರ್. ಅದರೊಳಗೆ ಬೆಂಕಿ ಎಲ್ಲಿದೆ ಎಂದು ಚುಕ್ಕೆ ಹೇಳುವುದಿಲ್ಲ. ಬೆಂಕಿ ಮುಗಿದ ಮೇಲೆ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರಗಳಲ್ಲಿ ಸುಟ್ಟ ಜಾಗದ ಅಂಚನ್ನು ಗುರುತಿಸಬಹುದು. ನಿಮ್ಮ ನೆಲದ ಚಿತ್ರದ ಪಕ್ಕದಲ್ಲಿ ಅದನ್ನಿಟ್ಟರೆ ಎರಡಕ್ಕೂ ಬೆಲೆ ಬರುತ್ತದೆ. ಅಂದಹಾಗೆ, ಹೊಗೆ ಕಂಡ ಕೂಡಲೇ ನೀವು ಮಾಡಬೇಕಾದ ಮೊದಲ ಕೆಲಸ ಕ್ಯಾಮೆರಾ ತೆಗೆಯುವುದಲ್ಲ, ಅರಣ್ಯ ಸಹಾಯವಾಣಿ 1926ಕ್ಕೋ 112ಕ್ಕೋ ಫೋನ್ ಮಾಡುವುದು.

ಪ್ರಾಣಿಗಳ ವಿಷಯ ನೀವು ಕೇಳಿಲ್ಲ, ಆದರೆ ಹಕ್ಕಿ ತೆಗೆಯುವವರು ಎಂದಿರುವುದರಿಂದ ಹೇಳುತ್ತೇನೆ. ಬೆಂಕಿಯ ಮುಂದೆ ಹಾರಿ ಏಳುವ ಮಿಡತೆ, ಹುಳುಗಳಿಗಾಗಿ ಕಾಜಾಣಗಳೂ ನೀಲಕಂಠಗಳೂ ಹದ್ದುಗಳೂ ಬರುತ್ತವೆ. ಹೊಗೆಯ ಅಂಚಿನಲ್ಲಿ ನೀಲಕಂಠದ ರೆಕ್ಕೆ ಬಿಚ್ಚಿಕೊಳ್ಳುವುದನ್ನು ತೋಟದ ಗಡಿಯಿಂದಲೇ ತೆಗೆಯಬಹುದು. ದೊಡ್ಡ ಪ್ರಾಣಿಗಳು ನೆಲಬೆಂಕಿಯಿಂದ ಸಾಮಾನ್ಯವಾಗಿ ಸರಿದುಹೋಗುತ್ತವೆ. ಸಾಯುವುದು ಆಮೆ, ಹಾವು, ನೆಲದಲ್ಲಿ ಮೊಟ್ಟೆಯಿಟ್ಟ ಕಾಡುಕೋಳಿಯ ಗೂಡು. ಇವು ಸುದ್ದಿಯಾಗುವುದಿಲ್ಲ. 2019ರಲ್ಲಿ ಬಂಡೀಪುರದ್ದೆಂದು ಹರಿದಾಡಿದ ಸುಟ್ಟ ಪ್ರಾಣಿಗಳ ಚಿತ್ರಗಳಲ್ಲಿ ಹಲವು ಬೇರೆ ದೇಶಗಳ, ಬೇರೆ ವರ್ಷಗಳ ಚಿತ್ರಗಳಾಗಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಅವರು ಅಮೆಜಾನ್ ಬೆಂಕಿಯ ಬಗ್ಗೆ ಹಂಚಿಕೊಂಡ ಚಿತ್ರವನ್ನು ತೆಗೆದ ಛಾಯಾಗ್ರಾಹಕ ಲಾರೆನ್ ಮೆಕಿಂಟೈರ್ 2003ರಲ್ಲೇ ತೀರಿಕೊಂಡಿದ್ದರು. ನನ್ನದೇ ಒಂದು ಚಿತ್ರವನ್ನು ಪತ್ರಿಕೆಯೊಂದು ನಾಲ್ಕು ವರ್ಷಗಳ ಬಳಿಕ ಬೇರೊಂದು ಕಾಡಿನ ಬೆಂಕಿಯೆಂದು ಅಚ್ಚು ಹಾಕಿತು. ಚಿತ್ರದಲ್ಲಿದ್ದ ಮತ್ತಿಮರವನ್ನು ನಾನು ಗುರುತಿಸಿದೆ, ಬೇರೆ ಯಾರು ಗುರುತಿಸಿಯಾರು? ಅಂದಿನಿಂದ ದಿನಾಂಕ, ವಲಯದ ಹೆಸರುಗಳನ್ನು ಫೈಲಿನೊಳಗೇ ಬರೆದಿಡುತ್ತೇನೆ. ನಿಖರ ಜಿಪಿಎಸ್ ಸ್ಥಾನವನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡು, ಹೊರಗೆ ಕೊಡುವ ಪ್ರತಿಯಿಂದ ತೆಗೆದುಹಾಕುತ್ತೇನೆ.

ಕಾಳ್ಗಿಚ್ಚಿನ ಜಗತ್ಪ್ರಸಿದ್ಧ ಚಿತ್ರವೊಂದರ ಕಥೆ ಇಲ್ಲಿ ಪ್ರಸ್ತುತ. 2000ದ ಆಗಸ್ಟ್ 6ರಂದು ಅಮೆರಿಕದ ಮೊಂಟಾನಾದಲ್ಲಿ ಬಿಟರ್‌ರೂಟ್ ನದಿಯ ನೀರಿನಲ್ಲಿ ಎರಡು ಎಲ್ಕ್‌ಗಳು (ಅಲ್ಲಿನ ದೊಡ್ಡ ಜಿಂಕೆಗಳು) ನಿಂತಿವೆ, ಹಿಂದೆ ಬೆಟ್ಟ ಉರಿಯುತ್ತಿದೆ. ತೆಗೆದವರು ಜಾನ್ ಮೆಕೊಲ್ಗನ್. ಅವರು ಅಲ್ಲಿದ್ದದ್ದು ಛಾಯಾಗ್ರಾಹಕರಾಗಿ ಅಲ್ಲ. ಅಲಾಸ್ಕದಿಂದ ಬಂದಿದ್ದ, ಬೆಂಕಿಯ ನಡವಳಿಕೆಯನ್ನು ಲೆಕ್ಕ ಹಾಕುವ ತಜ್ಞರು ಅವರು. ಕೈಯಲ್ಲಿದ್ದದ್ದು ಆ ಕಾಲದ ಚಿಕ್ಕ ಕೊಡ್ಯಾಕ್ ಡಿಜಿಟಲ್ ಕ್ಯಾಮೆರಾ, ನಿಂತಿದ್ದದ್ದು ಸೇತುವೆಯ ಮೇಲೆ. ಬೆಂಕಿ ಎಲ್ಲಿಗೆ ಬರುತ್ತದೆ, ಎಲ್ಲಿಗೆ ಬರುವುದಿಲ್ಲ ಎಂದು ಬಲ್ಲವರಿಗಷ್ಟೇ ಆ ಜಾಗ ಸಿಗುತ್ತಿತ್ತು. ಲೆನ್ಸಿಗೆ ದುಡ್ಡು ಕೂಡಿಡುವ ಮುನ್ನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರೊಡನೆಯೋ ನಿಮ್ಮ ಕಡೆಯ ಹಳೆಯ ವಾಚರೊಬ್ಬರೊಡನೆಯೋ ಕುಳಿತು ನಾಲ್ಕು ಸಂಜೆ ಮಾತಾಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕೊನೆಯದಾಗಿ ಉಪಯೋಗದ ಪ್ರಶ್ನೆ. ಜ್ವಾಲೆಯ ಚಿತ್ರ ಒಂದು ದಿನದ ಸುದ್ದಿ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1988ರ ಬೇಸಿಗೆಯಲ್ಲಿ ಸುಮಾರು ಶೇಕಡ 36 ಭಾಗಕ್ಕೆ ಬೆಂಕಿ ತಗುಲಿತು, ಸೆಪ್ಟೆಂಬರಿನ ಹಿಮ ಬಿದ್ದ ಮೇಲಷ್ಟೇ ಅದು ತಣ್ಣಗಾಯಿತು. ಆ ದಿನಗಳ ಚಿತ್ರ ನೋಡಿದವರು ಉದ್ಯಾನವೇ ಮುಗಿಯಿತೆಂದುಕೊಂಡರು. ಸುಟ್ಟ ಮತ್ತು ಸುಡದ ನೆಲ ತುಂಡುತುಂಡಾಗಿ ಹೆಣೆದುಕೊಂಡಿತ್ತೆಂಬುದನ್ನೂ, ಬೆಂಕಿಯ ಕಾವಿಗೇ ಬಿರಿಯುವ ಪೈನ್ ಕಾಯಿಗಳಿಂದ ಹೊಸ ಕಾಡು ಎದ್ದುದನ್ನೂ ತೋರಿಸಿದ್ದು ವರ್ಷವರ್ಷವೂ ಅದೇ ಜಾಗಗಳಿಗೆ ಮರಳಿ ತೆಗೆದ ಚಿತ್ರಗಳು. ನಮ್ಮ ಕಾಡಿನ ಕಥೆ ಅದೇ ಆಗಬೇಕೆಂದಿಲ್ಲ. ಮತ್ತಿಯ ಮೊಸಳೆ ಬೆನ್ನಿನಂಥ ತೊಗಟೆ ನೆಲಬೆಂಕಿಯನ್ನು ತಾಳಿಕೊಳ್ಳುತ್ತದೆ, ತೇಗವೂ ತಾಳುತ್ತದೆ, ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ತಾಳದೇ ಹೋಗುವುದು ಎಳೆಯ ಸಸಿಗಳು. ಹೂಮಳೆ ಬಿದ್ದ ಎರಡು ಮೂರು ವಾರಕ್ಕೆ ಕರಿನೆಲ ಹಸಿರಾಗಿ ಜಿಂಕೆಗಳು ಮೇಯತೊಡಗಿದಾಗ ಎಲ್ಲವೂ ಸರಿಹೋಯಿತೆನಿಸುತ್ತದೆ. ಪದೇ ಪದೇ ಸುಟ್ಟ ಜಾಗ ಮಾತ್ರ ಕೆಲ ವರ್ಷಗಳಲ್ಲಿ ಅಜ್ಜ ಅಜ್ಜಿಯರಿದ್ದು ಮಕ್ಕಳಿಲ್ಲದ ಊರಿನ ಹಾಗೆ ಕಾಣುತ್ತದೆ. ಇದರ ಜೊತೆಗೇ ಇನ್ನೊಂದು ಮಾತಿದೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಿಗೇ ತರಗು ಬೆಂಕಿ ಕೊಡುತ್ತಿದ್ದರು, ಅದು ನಿಂತ ಮೇಲೆ ಲಂಟಾನವೂ ನೆಲ್ಲಿಮರದ ಬದನಿಕೆಯೂ ಹೆಚ್ಚಿದವು ಎನ್ನುತ್ತಾರೆ. ಯಾವ ಬೆಂಕಿ, ಯಾವ ತಿಂಗಳು, ಎಷ್ಟು ವರ್ಷಕ್ಕೊಮ್ಮೆ ಎಂಬುದರ ಮೇಲೆ ಎಲ್ಲವೂ ನಿಂತಿದೆ; ಒಂದು ದಿನದ ಚಿತ್ರ ಇದನ್ನು ಹೇಳಲಾರದು.

ಆದ್ದರಿಂದ ಸ್ಥಿರ ಬಿಂದುಗಳಿಂದ ತೆಗೆಯುವ ಅಭ್ಯಾಸ ಮಾಡಿ. ಉದ್ಯಾನದ ಹೊರಗೆ, ನಿಮ್ಮ ಗಡಿಯಲ್ಲೇ ಮೂರು ನಾಲ್ಕು ಜಾಗ ಆರಿಸಿ. ಟ್ರೈಪಾಡಿನ ಎತ್ತರ, ಲೆನ್ಸಿನ ಅಳತೆ, ಚೌಕಟ್ಟಿನ ಎಡ ಬಲ ಅಂಚಿಗೆ ಬರುವ ಮರಗಳು, ಇಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ಎಲೆಯುದುರುವ ಮುನ್ನ ಡಿಸೆಂಬರಿನಲ್ಲಿ, ಬೇಸಿಗೆಯ ನಡುವೆ ಮಾರ್ಚಿನಲ್ಲಿ, ಮುಂಗಾರು ಹಿಡಿದ ಮೇಲೆ ಜುಲೈಯಲ್ಲಿ ಅದೇ ಹೊತ್ತಿಗೆ ಅದೇ ಚಿತ್ರ. ಬೆಂಕಿ ಬೀಳದ ವರ್ಷವೂ ಬಿಡಬೇಡಿ, ಹೋಲಿಕೆಗೆ ಅದು ಬೇಕು. ಕಳೆದ ಮಾರ್ಚಿನ ಆ ಬೂದು ಚಿತ್ರವನ್ನೂ ಅಳಿಸಬೇಡಿ. ನಿಂತಿದ್ದ ಬೇಲಿಕಂಬ ನಿಮಗೆ ನೆನಪಿದ್ದೇ ಇರುತ್ತದೆ. ಈ ವಾರವೇ ಒಂದು ಬೆಳಗ್ಗೆ ಅಲ್ಲಿಗೆ ಹೋಗಿ, ಅದೇ ಲೆನ್ಸಿನಲ್ಲಿ, ಹೊಗೆಯಿಲ್ಲದ ಅದೇ ನೋಟವನ್ನು ತೆಗೆಯಿರಿ. ನಿಮ್ಮ ಮೊದಲ ಜೋಡಿ ಅದು.